ಒಯ್ಯಲೂ ಆಗಬೇಕು, ರೇಂಜಿಗೂ ಆಗಬೇಕು: ನಡುಗಾತ್ರದ ಪಿಸ್ತೂಲ್ ಅಂದರೆ ಏನು?

ಅಮೆರಿಕದಲ್ಲಿ ನೆಲೆ ನಿಂತ ಕೆಲವು ಕನ್ನಡಿಗರ ಮನೆಗಳಲ್ಲಿ ಹೀಗೊಂದು ಮಾತು ಬರುತ್ತದೆ. ಗ್ರೀನ್ ಕಾರ್ಡ್ ಬಂದಾಯಿತು, ಟೆಕ್ಸಾಸ್‌ನಲ್ಲೋ ಜಾರ್ಜಿಯಾದಲ್ಲೋ ಮನೆ ತಗೊಂಡಾಯಿತು, ಅಕ್ಕಪಕ್ಕದವರ ಹತ್ತಿರ ಗನ್ ಇದೆ. ನಾವೂ ಒಂದು ಇಟ್ಟುಕೊಳ್ಳೋಣವಾ? ಬೇಕೋ ಬೇಡವೋ ಅನ್ನುವುದು ಆಯಾ ಮನೆಯವರ ತೀರ್ಮಾನ. ಈ ಲೇಖನ ಅದರ ತಂಟೆಗೆ ಹೋಗುವುದಿಲ್ಲ. ಆದರೆ ಪೊಲೀಸರ ಸೊಂಟದಲ್ಲಿ ಬಿಟ್ಟರೆ ಸಿನಿಮಾದಲ್ಲಷ್ಟೇ ಪಿಸ್ತೂಲ್ ನೋಡಿದವರು ಅಲ್ಲಿನ ಗನ್ ಅಂಗಡಿಗೆ ಕಾಲಿಟ್ಟರೆ ತಲೆ ಗಿರ್ ಅನ್ನುತ್ತದೆ. ಗಾಜಿನ ಕೆಳಗೆ ಸಾಲುಸಾಲು ಕಪ್ಪು ಪಿಸ್ತೂಲುಗಳು, ಎಲ್ಲವೂ ಒಂದೇ ಥರ ಕಾಣುತ್ತವೆ. ಕೌಂಟರಿನವರು ಕಾಂಪ್ಯಾಕ್ಟ್, ಸಬ್‌ಕಾಂಪ್ಯಾಕ್ಟ್, ಸ್ಟ್ರೈಕರ್ ಅಂತ ಶುರು ಮಾಡುತ್ತಾರೆ.

ಹೊಸಬರು ಕೇಳುವುದು ಬಹುಪಾಲು ಒಂದೇ. ಬಟ್ಟೆಯಡಿ ಕಾಣದ ಹಾಗೆ ಒಯ್ಯಲೂ ಆಗಬೇಕು, ಬಿಡುವಿದ್ದಾಗ ಶೂಟಿಂಗ್ ರೇಂಜಿಗೆ ಹೋಗಿ ಅಭ್ಯಾಸ ಮಾಡಲೂ ಆಗಬೇಕು. ಎರಡಕ್ಕೂ ಒಂದೇ ಗನ್ ಸಾಕಾ? ಅದಕ್ಕೆ ಉತ್ತರವಾಗಿ ಅಂಗಡಿಯವರು ಮೊದಲು ತೆಗೆದುಕೊಡುವುದು ನಡುಗಾತ್ರದ ಪಿಸ್ತೂಲನ್ನು. ಯಾಕೆ ಅಂತ ನೋಡೋಣ.

ಗನ್‌ಗಿಂತ ಮೊದಲು ವೀಸಾ

ಮಾದರಿ, ಬೆಲೆ ಎಲ್ಲ ಆಮೇಲಿನ ಮಾತು. ಎಚ್-1ಬಿ, ಎಫ್-1 ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಗನ್ ಕೊಳ್ಳುವುದನ್ನೂ ಇಟ್ಟುಕೊಳ್ಳುವುದನ್ನೂ ಅಮೆರಿಕದ ಫೆಡರಲ್ ಕಾನೂನು ತಡೆಯುತ್ತದೆ. ಕೆಲವು ವಿನಾಯಿತಿಗಳಿವೆ, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸನ್ಸ್ ಹೊಂದಿರುವುದು ಅದರಲ್ಲೊಂದು. ಬಹಳ ಜನಕ್ಕೆ ತಿಳಿಯದ ವಿಷಯ ಏನೆಂದರೆ, ರೇಂಜಿನಲ್ಲಿ ಬಾಡಿಗೆ ಗನ್ ಕೈಗೆ ತಗೊಳ್ಳುವುದೂ ಈ ನಿಷೇಧದೊಳಗೇ ಬರುತ್ತದೆ. ಲಾಸ್ ವೇಗಸ್‌ಗೆ ಹೋದಾಗ ಸುಮ್ನೆ ಗೆಳೆಯರ ಜೊತೆ ನಾಲ್ಕು ಗುಂಡು ಹಾರಿಸಿ ಫೋಟೋ ಹಾಕುವ ಮೊದಲು ಎಚ್-1ಬಿಯವರು ಇದನ್ನು ನೆನಪಿಡಬೇಕು.

ಗ್ರೀನ್ ಕಾರ್ಡ್ ಇದ್ದವರಿಗೂ ಪೌರರಿಗೂ ಈ ತಡೆ ಇಲ್ಲ. ಅಂಗಡಿಯಿಂದ ಹ್ಯಾಂಡ್‌ಗನ್ ಕೊಳ್ಳಲು ಸಾಮಾನ್ಯವಾಗಿ 21 ವರ್ಷ ಆಗಿರಬೇಕು. ಫಾರಂ 4473 ತುಂಬಬೇಕು, ಆಮೇಲೆ 1998ರಲ್ಲಿ ಶುರುವಾದ ರಾಷ್ಟ್ರೀಯ ವ್ಯವಸ್ಥೆಯ ಮೂಲಕ ಹಿನ್ನೆಲೆ ತಪಾಸಣೆ ಆಗುತ್ತದೆ. ಆ ಫಾರಂನಲ್ಲಿ ಗಾಂಜಾ ಸೇವನೆಯ ಪ್ರಶ್ನೆಯೂ ಇದೆ. ನಿಮ್ಮ ರಾಜ್ಯದಲ್ಲಿ ಅದಕ್ಕೆ ಅನುಮತಿ ಇದ್ದರೂ ಫೆಡರಲ್ ಕಾನೂನಿನಲ್ಲಿ ಇಲ್ಲ ಅಂತ ಅಲ್ಲೇ ಎಚ್ಚರಿಕೆ ಬರೆದಿರುತ್ತಾರೆ. ಸುಳ್ಳು ಬರೆದರೆ ಅದೇ ಒಂದು ದೊಡ್ಡ ಅಪರಾಧ.

ಕೊಳ್ಳುವುದು ಬೇರೆ, ಸೊಂಟಕ್ಕೆ ಕಟ್ಟಿಕೊಂಡು ಹೊರಗೆ ಓಡಾಡುವುದು ಬೇರೆ. 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬ್ರೂಯೆನ್ ಪ್ರಕರಣದಲ್ಲಿ, ಮನೆಯ ಹೊರಗೆ ಆತ್ಮರಕ್ಷಣೆಗೆ ಹ್ಯಾಂಡ್‌ಗನ್ ಒಯ್ಯುವುದೂ ಸಂವಿಧಾನದ ಹಕ್ಕು ಅಂತ ಹೇಳಿತು. ಆದರೂ ವಿವರವೆಲ್ಲ ರಾಜ್ಯಕ್ಕೊಂದು ಥರ. ಟೆಕ್ಸಾಸ್‌ನಲ್ಲಿ 2021ರಿಂದ ಅರ್ಹರಿಗೆ ಪರ್ಮಿಟ್ಟೇ ಬೇಡ. ಕ್ಯಾಲಿಫೋರ್ನಿಯಾದಲ್ಲಿ ಬೇಕು, ಮತ್ತು ಟೆಕ್ಸಾಸ್‌ನ ಪರ್ಮಿಟ್ ಅಲ್ಲಿ ನಡೆಯುವುದಿಲ್ಲ. ಕಾರಿನಲ್ಲಿ ರಾಜ್ಯದ ಗಡಿ ದಾಟುವಾಗ ಗನ್ ಜೊತೆಗಿದ್ದರೆ ಕಾನೂನೂ ಬದಲಾಗಿಬಿಡುತ್ತದೆ.

ಸ್ವಲ್ಪ ಪದಗಳು

ಹ್ಯಾಂಡ್‌ಗನ್ ಅಂದರೆ ಕೈಯಲ್ಲೇ ಹಿಡಿದು ಹಾರಿಸುವ ಗನ್. ಮಲೆನಾಡಿನಲ್ಲೋ ಕೊಡಗಿನಲ್ಲೋ ಹೆಗಲಿಗೆ ಒತ್ತಿ ಹಾರಿಸುವ ಕೋವಿಯ ಜಾತಿ ಇದಲ್ಲ. ಇದರಲ್ಲಿ ಎರಡು ಬಗೆ ಮುಖ್ಯ. ರಿವಾಲ್ವರಿನಲ್ಲಿ ನಡುವೆ ತಿರುಗುವ ಉರುಳೆ ಇರುತ್ತದೆ, ಅದರೊಳಗೆ ಸಾಮಾನ್ಯವಾಗಿ ಐದೋ ಆರೋ ತೋಟಾ. ಪಿಸ್ತೂಲಿನಲ್ಲಿ ಹಿಡಿಯ ಒಳಗೇ ಒಂದು ಉದ್ದ ಡಬ್ಬಿ ಇರುತ್ತದೆ, ಅದೇ ಮ್ಯಾಗಝೀನ್. ತೋಟಾಗಳು ಅದರಲ್ಲಿ ಒಂದರ ಮೇಲೊಂದು ಕೂತಿರುತ್ತವೆ, ತಳದ ಸ್ಪ್ರಿಂಗ್ ಅವನ್ನು ಮೇಲಕ್ಕೆ ದೂಡುತ್ತಿರುತ್ತದೆ.

ತೋಟಾ ಅಂದರೆ ಗುಂಡು, ಮದ್ದು, ಮದ್ದಿಗೆ ಕಿಡಿ ಕೊಡುವ ಪ್ರೈಮರ್, ಇವನ್ನೆಲ್ಲ ಹಿಡಿದಿಡುವ ಹಿತ್ತಾಳೆ ಕೊಳವೆ, ಇಷ್ಟೂ ಸೇರಿ. ಹೊರಗೆ ಹಾರುವುದು ಗುಂಡು ಮಾತ್ರ. ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ-ಮುಂದೆ ಸರಿಯುವ ಉಕ್ಕಿನ ಭಾಗಕ್ಕೆ ಸ್ಲೈಡ್ ಅನ್ನುತ್ತಾರೆ. ಗುಂಡು ಹಾರಿದಾಗ ಸ್ಲೈಡ್ ಹಿಂದಕ್ಕೆ ಬಂದು ಖಾಲಿ ಕೊಳವೆಯನ್ನು ಹೊರಗೆಸೆಯುತ್ತದೆ. ಮುಂದಕ್ಕೆ ಹೋಗುವಾಗ ಮ್ಯಾಗಝೀನಿನಿಂದ ಹೊಸ ತೋಟಾ ಎಳೆದು ನಳಿಗೆಗೆ ಸೇರಿಸುತ್ತದೆ. ಇಷ್ಟೂ ಕಣ್ಣು ಮಿಟುಕಿಸುವಷ್ಟರಲ್ಲಿ. ಟ್ರಿಗರ್ ಒಂದು ಸಲ ಎಳೆದರೆ ಒಂದೇ ಗುಂಡು; ಮತ್ತೊಂದಕ್ಕೆ ಬೆರಳು ಬಿಟ್ಟು ಮತ್ತೆ ಎಳೆಯಬೇಕು.

ಇದರಿಂದ ಒಂದು ಅಪಾಯವೂ ಹುಟ್ಟುತ್ತದೆ. ಮ್ಯಾಗಝೀನ್ ಹೊರಗೆ ತೆಗೆದರೂ ನಳಿಗೆಯೊಳಗೆ ಒಂದು ತೋಟಾ ಉಳಿದಿರಬಹುದು. ‘ಖಾಲಿ ಅಂದುಕೊಂಡಿದ್ದೆ’ ಅನ್ನುವ ಅವಘಡ ಆಗುವ ಒಂದು ದಾರಿ ಇದು. ಮೊದಲು ಮ್ಯಾಗಝೀನ್ ತೆಗೆದು, ಆಮೇಲೆ ಸ್ಲೈಡ್ ಪೂರ್ತಿ ಹಿಂದಕ್ಕೆಳೆದು, ನಳಿಗೆಯ ಬುಡವನ್ನು ಕಣ್ಣಿನಿಂದ ನೋಡಿ, ಬೆರಳಿಟ್ಟು ಮುಟ್ಟಿ ಖಚಿತ ಮಾಡಿಕೊಳ್ಳುವುದನ್ನು ಮೊದಲ ದಿನವೇ ಕಲಿಸುತ್ತಾರೆ.

ದೊಡ್ಡದು, ಚಿಕ್ಕದು, ನಡುವಿನದು

ಗಾತ್ರದ ಲೆಕ್ಕ ಅರ್ಥವಾಗಬೇಕಾದರೆ ಒಂದೇ ಕಂಪನಿಯ ಮೂರು ಪಿಸ್ತೂಲುಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಸುಲಭ. ಗ್ಲಾಕ್ ಆಸ್ಟ್ರಿಯಾದ ಕಂಪನಿ. ಗ್ಯಾಸ್ಟನ್ ಗ್ಲಾಕ್ ಮಾಡಿದ ಪ್ಲಾಸ್ಟಿಕ್ ಚೌಕಟ್ಟಿನ ಗ್ಲಾಕ್ 17 ಪಿಸ್ತೂಲನ್ನು ಆ ದೇಶದ ಸೇನೆ 1982ರಲ್ಲಿ ಒಪ್ಪಿಕೊಂಡಿತು. ಅದು ಪೂರ್ಣ ಗಾತ್ರದ್ದು: ನಳಿಗೆ 114 ಮಿ.ಮೀ., ಮ್ಯಾಗಝೀನಿನಲ್ಲಿ 17 ತೋಟಾ. 1988ರಲ್ಲಿ ಅದನ್ನೇ ಕೊಂಚ ಮೊಟಕು ಮಾಡಿ ಗ್ಲಾಕ್ 19 ತಂದರು: ನಳಿಗೆ 102 ಮಿ.ಮೀ., 15 ತೋಟಾ. ತೊಂಬತ್ತರ ದಶಕದ ನಡುವಿನಲ್ಲಿ ಬಂದ ಗ್ಲಾಕ್ 26 ಇನ್ನೂ ಪುಟ್ಟದು: ನಳಿಗೆ 87 ಮಿ.ಮೀ., 10 ತೋಟಾ.

ಈ ಮೂರರಲ್ಲಿ 19 ಅನ್ನುವುದೇ ನಡುಗಾತ್ರ. ಅಂಗಡಿಯವರ ಬಾಯಲ್ಲಿ ಅದು ಕಾಂಪ್ಯಾಕ್ಟ್. ಖಾಲಿ ಇದ್ದಾಗ ಸುಮಾರು 600 ಗ್ರಾಂ ತೂಗುತ್ತದೆ, ತುಂಬಿದ ಮ್ಯಾಗಝೀನ್ ಸೇರಿದರೆ 850 ಗ್ರಾಂ ಹತ್ತಿರ. ಇದೇ ವರ್ಗದಲ್ಲಿ ಚೆಕ್ ದೇಶದ ಸಿಝಡ್ ಪಿ-10 ಸಿ, ಜರ್ಮನಿಯ ವಾಲ್ಥರ್ ಪಿಡಿಪಿಯ ಕಾಂಪ್ಯಾಕ್ಟ್ ರೂಪ, ಅಮೆರಿಕದ ಸ್ಮಿತ್ ಆ್ಯಂಡ್ ವೆಸನ್‌ನ ಎಂ ಆ್ಯಂಡ್ ಪಿ ಕಾಂಪ್ಯಾಕ್ಟ್‌ಗಳೂ ಇವೆ. ಹೆಸರು ಬೇರೆ ಬೇರೆಯಾದರೂ ಅಳತೆಯಲ್ಲಿ ಎಲ್ಲವೂ ಅಣ್ಣತಮ್ಮಂದಿರೇ.

ಮುಚ್ಚಿಡಲು ಕಷ್ಟವಾಗುವುದು ನಳಿಗೆಯಲ್ಲ, ಹಿಡಿ

ಹೊಸಬರು ಪಿಸ್ತೂಲನ್ನು ಮೇಜಿನ ಮೇಲಿಟ್ಟು ಉದ್ದ ಅಳೆಯುತ್ತಾರೆ. ನಳಿಗೆ ಗಿಡ್ಡವಿದ್ದರೆ ಬಚ್ಚಿಡಲು ಸುಲಭ ಅಂದುಕೊಳ್ಳುತ್ತಾರೆ. ಸೊಂಟಕ್ಕೆ ಕಟ್ಟಿದಾಗ ಕತೆ ಬೇರೆ. ನಳಿಗೆ ಪ್ಯಾಂಟಿನೊಳಗೆ ಕೆಳಮುಖವಾಗಿ ಇಳಿದುಬಿಡುತ್ತದೆ. ಅದು ಒಂದು ಸೆಂಟಿಮೀಟರ್ ಉದ್ದವಾದರೂ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಬೆಲ್ಟಿನ ಮೇಲೆ ಚಾಚಿಕೊಂಡು ನಿಲ್ಲುವುದು ಹಿಡಿ. ಬಗ್ಗಿ ಶೂ ಲೇಸು ಕಟ್ಟುವಾಗ ಅಂಗಿ ಬಿಗಿಯಾಗುತ್ತದೆ ನೋಡಿ, ಆಗ ಬೆನ್ನ ಪಕ್ಕದಲ್ಲಿ ಮೂಲೆಯೊಂದು ಎದ್ದು ಕಾಣುತ್ತದೆ. ಅದು ಹಿಡಿಯ ತುದಿ. ಹೀಗೆ ಬಟ್ಟೆಯಲ್ಲಿ ಗನ್ನಿನ ಆಕಾರ ಮೂಡುವುದಕ್ಕೆ ಅಲ್ಲಿನವರು ಪ್ರಿಂಟ್ ಆಗುವುದು ಅನ್ನುತ್ತಾರೆ.

ಆದರೆ ಹಿಡಿ ಗಿಡ್ಡ ಮಾಡಿದರೆ ಇನ್ನೊಂದು ತೊಂದರೆ. ಗ್ಲಾಕ್ 26ರಂಥ ಪುಟ್ಟ ಪಿಸ್ತೂಲು ಹಿಡಿದಾಗ ಬಹಳಷ್ಟು ಜನರ ಕಿರುಬೆರಳಿಗೆ ಜಾಗವೇ ಸಿಗದೆ ಅದು ಕೆಳಗೆ ಗಾಳಿಯಲ್ಲಿ ನೇತಾಡುತ್ತದೆ. ಪಿಸ್ತೂಲನ್ನು ಬಿಗಿಯಾಗಿ ಹಿಡಿಯುವುದರಲ್ಲಿ ಕೆಳಗಿನ ಬೆರಳುಗಳ ಪಾಲು ಜಾಸ್ತಿ. ಅವಕ್ಕೆ ಜಾಗವಿಲ್ಲದಿದ್ದರೆ ಪ್ರತಿ ಗುಂಡಿಗೂ ಗನ್ ಕೈಯಲ್ಲಿ ಕದಲುತ್ತದೆ, ಮತ್ತೆ ಸರಿಮಾಡಿ ಹಿಡಿಯಬೇಕಾಗುತ್ತದೆ. ನಡುಗಾತ್ರದ ಪಿಸ್ತೂಲು ಗೆಲ್ಲುವುದು ಇಲ್ಲೇ. ಹೆಚ್ಚಿನವರ ಮೂರೂ ಬೆರಳಿಗೆ ಸಾಕಾಗುವಷ್ಟು ಹಿಡಿ, ಸಾಧಾರಣ ಅಂಗಿ ಮುಚ್ಚುವಷ್ಟೇ ಎತ್ತರ.

ಇದನ್ನು ಉಲ್ಟಾ ಮಾಡಿದ ಉದಾಹರಣೆಯೂ ಇದೆ. 2018ರಲ್ಲಿ ಬಂದ ಗ್ಲಾಕ್ 19ಎಕ್ಸ್‌ನಲ್ಲಿ ಮೇಲೆ 19ರ ಗಿಡ್ಡ ಸ್ಲೈಡ್, ಕೆಳಗೆ 17ರ ಉದ್ದ ಹಿಡಿ. ಅಮೆರಿಕದ ಸೇನೆ ಹೊಸ ಪಿಸ್ತೂಲು ಆರಿಸಲು ನಡೆಸಿದ ಸ್ಪರ್ಧೆಗೆ ಅಂತ ಮಾಡಿದ ರೂಪದಿಂದ ಹುಟ್ಟಿದ್ದು. ರೇಂಜಿನಲ್ಲಿ ಹಿಡಿಯಲು ಬಲು ಹಿತ. ಆದರೆ ಬಟ್ಟೆಯಡಿ ಮುಚ್ಚಿಡುವ ವಿಷಯದಲ್ಲಿ ಹೆಚ್ಚುಕಮ್ಮಿ 17ರಷ್ಟೇ ಕಷ್ಟ.

ಚಿಕ್ಕ ಗನ್ ಜಾಸ್ತಿ ಒದೆಯುತ್ತದೆ

ಚಿಕ್ಕದು ಅಂದರೆ ಹಗುರ, ಹಗುರ ಅಂದರೆ ಹೊಸಬರಿಗೆ ಸುಲಭ ಅನ್ನುವ ನಂಬಿಕೆ ಇದೆ. ಅಲ್ಲಿ ಗಂಡಸರು ಹೆಂಡತಿಗೆ ಅಂತ ಪುಟ್ಟ ಗನ್ ಆರಿಸುವುದು ಮಾಮೂಲಿ. ನಿಜ ಇದಕ್ಕೆ ತದ್ವಿರುದ್ಧ.

ದೋಣಿಯಿಂದ ದಡಕ್ಕೆ ಜಿಗಿದರೆ ದೋಣಿ ಹಿಂದಕ್ಕೆ ಸರಿಯುತ್ತದಲ್ಲ. ದೊಡ್ಡ ದೋಣಿಯಾದರೆ ಕೊಂಚ ಅಲ್ಲಾಡುತ್ತದೆ ಅಷ್ಟೇ, ಪುಟ್ಟ ತೆಪ್ಪವಾದರೆ ದೂರಕ್ಕೇ ಹೋಗುತ್ತದೆ. ಗುಂಡು ಮುಂದಕ್ಕೆ ಹೋಗುವಾಗ ಗನ್ ಹಿಂದಕ್ಕೆ ಒದೆಯುವುದೂ ಹಾಗೆಯೇ. ಗುಂಡು, ಮದ್ದು ಅಷ್ಟೇ ಇದ್ದು ಗನ್ ಹಗುರವಾದರೆ ಒದೆತ ಚುರುಕಾಗುತ್ತದೆ. ಅದೂ ಅಲ್ಲದೆ ನಳಿಗೆ ಕೈಗಿಂತ ಮೇಲಿರುವುದರಿಂದ ಪಿಸ್ತೂಲಿನ ಮೂತಿ ಮೇಲಕ್ಕೆ ಚಿಮ್ಮುತ್ತದೆ. ಕೈ ನೋಯುತ್ತದೆ, ಮುಂದಿನ ಸಲ ಟ್ರಿಗರ್ ಎಳೆಯುವ ಮುಂಚೆಯೇ ಹೆದರಿ ಮಣಿಕಟ್ಟು ಕೆಳಕ್ಕೆ ಬಾಗುತ್ತದೆ, ಗುಂಡು ಗುರಿಯ ಕೆಳಗೆ ಬೀಳುತ್ತದೆ.

ಇನ್ನೊಂದು ಕಾರಣ ಗುರಿ ಹಿಡಿಯಲು ಇರುವ ಸೈಟುಗಳ ನಡುವಿನ ಅಂತರ. ಸ್ಲೈಡಿನ ಮುಂದಿನ ಕಡ್ಡಿಯನ್ನು ಹಿಂದಿನ ಕಚ್ಚಿನ ನಡುವೆ ತಂದು ಗುರಿ ಹಿಡಿಯುತ್ತೇವೆ. ಇವೆರಡರ ನಡುವೆ ದೂರ ಜಾಸ್ತಿ ಇದ್ದಷ್ಟೂ ಓರೆಯಾಗಿದ್ದು ಬೇಗ ಕಣ್ಣಿಗೆ ಬೀಳುತ್ತದೆ. ಪುಟ್ಟ ಪಿಸ್ತೂಲಿನಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಹತ್ತು ಮೀಟರ್ ಆಚೆ ಅದು ದೊಡ್ಡದಾಗಿರುತ್ತದೆ.

2018ರಲ್ಲಿ ಸಿಗ್ ಸಾವರ್ ಕಂಪನಿ ಪಿ365 ತಂದಾಗ ಅಂಗೈಯಷ್ಟು ಪಿಸ್ತೂಲಿನಲ್ಲಿ 10 ತೋಟಾ ಹಿಡಿಸಿ ಎಲ್ಲರ ಹುಬ್ಬೇರಿಸಿತು. ದಿನವಿಡೀ ಒಯ್ಯುವುದೊಂದೇ ಮುಖ್ಯವಾದರೆ ಅಂಥದ್ದು ಹಗುರ. ಒಂದೇ ಕೂತಲ್ಲಿ ನೂರು ಗುಂಡು ಹಾರಿಸಿ ಕಲಿಯಬೇಕು ಅನ್ನುವವರಿಗೆ ನಡುಗಾತ್ರದ್ದೇ ವಾಸಿ. ಅಭ್ಯಾಸ ಹಿತವಾಗಿದ್ದರೆ ತಾನೇ ಜನ ಮತ್ತೆ ಅಭ್ಯಾಸಕ್ಕೆ ಹೋಗುವುದು.

ಎಲ್ಲರೂ 9 ಎಂಎಂ ಅನ್ನುವುದು ಯಾಕೆ

ಗುಂಡಿನ ಅಡ್ಡಗಲಕ್ಕೆ ಕ್ಯಾಲಿಬರ್ ಅನ್ನುತ್ತಾರೆ. ನಡುಗಾತ್ರದ ಪಿಸ್ತೂಲುಗಳಲ್ಲಿ ಇವತ್ತು ರೂಢಿಯಲ್ಲಿರುವುದು 9 ಎಂಎಂ. ಆಸ್ಟ್ರಿಯಾ ಮೂಲದ ಗೇಯಾರ್ಗ್ ಲೂಗರ್ 20ನೇ ಶತಮಾನದ ಆರಂಭದಲ್ಲೇ ರೂಪಿಸಿದ ತೋಟಾ ಇದು. ಇಷ್ಟು ಹಳೆಯದು ಮತ್ತೆ ಮುನ್ನೆಲೆಗೆ ಬಂದದ್ದರ ಹಿಂದೆ ಒಂದು ಕತೆ ಇದೆ.

1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ದರೋಡೆಕೋರರಿಗೂ ಎಫ್‌ಬಿಐ ತಂಡಕ್ಕೂ ಗುಂಡಿನ ಕಾಳಗ ನಡೆಯಿತು. ಇಬ್ಬರು ಏಜೆಂಟರು ಸತ್ತರು, ಐವರು ಗಾಯಗೊಂಡರು. ದರೋಡೆಕೋರನೊಬ್ಬನಿಗೆ ಬಿದ್ದ 9 ಎಂಎಂ ಗುಂಡು ಹೃದಯ ತಲುಪುವ ಮೊದಲೇ ನಿಂತಿತ್ತು, ಅವನು ಹೋರಾಡುತ್ತಲೇ ಇದ್ದ. ಆಮೇಲೆ ಎಫ್‌ಬಿಐ ಗುಂಡುಗಳಿಗೆ ಒಂದು ಅಳತೆಗೋಲು ಮಾಡಿತು: ಮಾಂಸಖಂಡವನ್ನು ಹೋಲುವ ಜೆಲಟಿನ್ ಗಟ್ಟಿಯಲ್ಲಿ ಗುಂಡು 12ರಿಂದ 18 ಇಂಚು ಒಳಗೆ ಹೋಗಬೇಕು. ಮೊದಲು 10 ಎಂಎಂಗೆ ಹೋದರು. ಅದರ ಒದೆತ ಹೆಚ್ಚಾಯಿತು. 1990ರಲ್ಲಿ .40 (ಇಂಚಿನ ಲೆಕ್ಕದ ಕ್ಯಾಲಿಬರ್) ತೋಟಾ ಬಂತು, ಪೊಲೀಸ್ ಇಲಾಖೆಗಳು ಸಾಲುಗಟ್ಟಿ ಅದಕ್ಕೆ ಬದಲಾದವು.

ಅಷ್ಟರಲ್ಲಿ ಗುಂಡು ತಯಾರಿಕೆ ಸುಧಾರಿಸಿತು. ತುದಿಯಲ್ಲಿ ಕುಳಿ ಇರುವ ಹಾಲೋ ಪಾಯಿಂಟ್ ಗುಂಡುಗಳು 9 ಎಂಎಂನಲ್ಲೂ ಆ ಪರೀಕ್ಷೆ ಪಾಸಾಗತೊಡಗಿದವು. 2014ರಲ್ಲಿ ಎಫ್‌ಬಿಐ ತರಬೇತಿ ವಿಭಾಗವೇ 9 ಎಂಎಂಗೆ ಮರಳುವುದನ್ನು ಸಮರ್ಥಿಸಿತು. ವಾದ ಸರಳವಾಗಿತ್ತು: ಒದೆತ ಕಮ್ಮಿ, ಮ್ಯಾಗಝೀನಿನಲ್ಲಿ ತೋಟಾ ಜಾಸ್ತಿ, ಹೆಚ್ಚಿನವರು ಬೇಗ ಮತ್ತು ಸರಿಯಾಗಿ ಹೊಡೆಯುತ್ತಾರೆ. ಅದೂ ಅಲ್ಲದೆ .40, .45ಗಿಂತ 9 ಎಂಎಂ ತೋಟಾ ಅಗ್ಗ. ರೇಂಜಿಗೆ ಹೋಗುವವರ ಜೇಬಿಗೆ ಇದು ಸಣ್ಣ ಮಾತಲ್ಲ.

ಅಭ್ಯಾಸಕ್ಕೆ ಎಫ್‌ಎಂಜೆ ಅನ್ನುವ ತಾಮ್ರದ ಹೊದಿಕೆಯ ಅಗ್ಗದ ಗುಂಡು ಬಳಸುತ್ತಾರೆ. ಒಯ್ಯುವಾಗ ಹಾಲೋ ಪಾಯಿಂಟ್. ಅದು ಒಳಗೆ ಅರಳಿಕೊಂಡು ನಿಲ್ಲುವ ಹಾಗೆ ಮಾಡಿದ್ದು, ಹಾಗಾಗಿ ಆಚೆ ಬದಿಯಿಂದ ಹೊರಬಂದು ಹಿಂದೆ ನಿಂತವರಿಗೆ ತಾಗುವ ಸಂಭವ ಕಮ್ಮಿ.

ಟ್ರಿಗರ್ ಎರಡು ಥರ

ಗ್ಲಾಕ್ ಥರದವು ಸ್ಟ್ರೈಕರ್ ಪಿಸ್ತೂಲುಗಳು. ತೋಟಾದ ಹಿಂಬದಿಗೆ ಕುಟ್ಟುವ ಮೊಳೆ ಒಳಗೇ ಇರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಪ್ರತಿ ಸಲವೂ ಟ್ರಿಗರ್ ಒಂದೇ ಥರ, ಸುಮಾರು ಎರಡೂವರೆ ಕಿಲೋ ಒತ್ತಡ. ಸಿಗ್ ಪಿ229, ಸಿಝಡ್ ಪಿ-01 ಥರದವುಗಳಲ್ಲಿ ಹಿಂದೆ ಸುತ್ತಿಗೆ ಕಾಣುತ್ತದೆ. ಸುತ್ತಿಗೆ ಕೆಳಗಿದ್ದರೆ ಮೊದಲ ಎಳೆತ ಉದ್ದ, ಭಾರಿ, ಎರಡನೆಯದರಿಂದ ಹಗುರ. ಮೊದಲ ಎಳೆತ ಭಾರಿ ಇರುವುದು ಕೈತಪ್ಪಿ ಹಾರದಿರಲಿ ಅಂತ. ಆದರೆ ಎರಡು ಥರದ ಟ್ರಿಗರ್ ಕಲಿಯಬೇಕಾಗುತ್ತದೆ. ಕಲಿಯುವವರಿಗೆ ಒಂದೇ ಥರದ್ದು ಬೇಗ ಒಗ್ಗುತ್ತದೆ, ಸ್ಟ್ರೈಕರ್‌ಗಳ ಜನಪ್ರಿಯತೆಗೆ ಇದೂ ಒಂದು ಕಾರಣ.

ಗ್ಲಾಕ್‌ಗೆ ಹೊರಗಡೆ ಬೆರಳಿನಿಂದ ಆನ್-ಆಫ್ ಮಾಡುವ ಸೇಫ್ಟಿ ಇಲ್ಲ. ಟ್ರಿಗರ್ ನಡುವೆ ಪುಟ್ಟ ಪಟ್ಟಿಯೊಂದಿದೆ, ಅದನ್ನು ಒತ್ತದ ಹೊರತು ಟ್ರಿಗರ್ ಸರಿಯುವುದಿಲ್ಲ. ಅದನ್ನು ಬೆರಳು ಒತ್ತಿತೋ, ಹೋಲ್‌ಸ್ಟರಿಗೆ (ಗನ್ ಇಡುವ ಒರೆಗೆ) ಸಿಕ್ಕಿಕೊಂಡ ಅಂಗಿಯ ತುದಿ ಒತ್ತಿತೋ ಗನ್ನಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ ಬೇಕೇ ಬೇಕು. ಜೇಬಿನಲ್ಲಿ ಬೀಗದ ಕೈ ಜೊತೆ ಹಾಕಿಕೊಳ್ಳುವ ವಸ್ತು ಅಲ್ಲ ಇದು. ಲೆಗಿಂಗ್ಸ್, ಕುರ್ತಾ ಹಾಕುವ ಹೆಂಗಸರಿಗೆ ಬೆಲ್ಟಿನ ಸಮಸ್ಯೆ ಇದ್ದೇ ಇದೆ. ಹಾಗಂತ ಬ್ಯಾಗಿನಲ್ಲಿಟ್ಟರೆ ಬಿಸ್ಕತ್ತು ಹುಡುಕುವ ಮಗುವಿನ ಕೈ ಮೊದಲು ಹೋಗುವುದು ಅಲ್ಲಿಗೇ.

ಕೈಗೆ ತಗೊಂಡು ನೋಡುವಾಗ

ಕಾಗದದ ಮೇಲಿನ ಅಂಕಿಗಳು ಒಂದು ಹಂತದವರೆಗೆ. ಆಮೇಲೆ ಕೈಯೇ ಹೇಳಬೇಕು. ಹೆಬ್ಬೆರಳು-ತೋರುಬೆರಳ ನಡುವಿನ ಕವಲು ಹಿಡಿಯ ತುತ್ತತುದಿಗೆ ಕೂರಬೇಕು. ಹಾಗೆ ಕೂತಾಗ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಟ್ರಿಗರ್ ಮುಟ್ಟಬೇಕು. ಬರೀ ತುದಿ ತಾಗಿದರೆ ಹಿಡಿ ದಪ್ಪವಾಯಿತು ಅಂತ. ಗ್ಲಾಕ್ 2010ರ ನಾಲ್ಕನೇ ಪೀಳಿಗೆಯಿಂದ ಹಿಡಿಯ ಹಿಂಬದಿಗೆ ಬೇರೆ ಬೇರೆ ದಪ್ಪದ ಪಟ್ಟಿ ಹಾಕಿಕೊಳ್ಳುವ ಅನುಕೂಲ ಕೊಟ್ಟಿದೆ, ಬೇರೆ ಹಲವು ಕಂಪನಿಗಳಲ್ಲೂ ಇದು ಇದೆ.

ಸ್ಲೈಡ್ ಎಳೆದು ನೋಡಿ. ಕೈಯಲ್ಲಿ ಬಲ ಕಮ್ಮಿ ಇರುವವರಿಗೆ, ಸಂಧಿವಾತ ಇರುವವರಿಗೆ ಇದೇ ದೊಡ್ಡ ಅಡ್ಡಿ. ಅಂಥವರಿಗಾಗಿಯೇ ಸ್ಮಿತ್ ಆ್ಯಂಡ್ ವೆಸನ್ ಶೀಲ್ಡ್ ಇಝಡ್ ಅನ್ನುವ ಸರಣಿ ತಂದಿತು, ಅದರ ಸ್ಪ್ರಿಂಗ್ ಮೆತ್ತಗೆ. ನಾಲ್ಕಾರು ಮಾದರಿಗಳನ್ನು ಬಾಡಿಗೆಗೆ ಕೊಡುವ ರೇಂಜುಗಳು ಅಲ್ಲಿ ಬೇಕಾದಷ್ಟಿವೆ. ಕೊಳ್ಳುವ ಮೊದಲು ಹಾರಿಸಿ ನೋಡುವುದೇ ಜಾಣತನ.

ನೀವಿರುವ ರಾಜ್ಯವನ್ನೂ ಲೆಕ್ಕಕ್ಕೆ ತಗೊಳ್ಳಿ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಯಲ್ಲಿ ಮ್ಯಾಗಝೀನಿಗೆ 10 ತೋಟಾದ ಮಿತಿ ಇದೆ. 15 ತೋಟಾ ಹಿಡಿಯುತ್ತದೆ ಅನ್ನುವ ನಡುಗಾತ್ರದ ಹೆಚ್ಚುಗಾರಿಕೆ ಅಲ್ಲಿ ಇಲ್ಲವಾಗುತ್ತದೆ. ಉಳಿಯುವುದು ಹಿಡಿಯ ಹಿತ ಮಾತ್ರ.

ರೇಂಜಿನಲ್ಲಿ, ಮನೆಯಲ್ಲಿ

ರೇಂಜಿನ ಗೋಡೆಯ ಮೇಲೆ ಬರೆದಿರುವ ನಾಲ್ಕು ನಿಯಮಗಳು ಅಮೆರಿಕದ ಮಾಜಿ ಮೆರೀನ್ ಅಧಿಕಾರಿ ಜೆಫ್ ಕೂಪರ್ ರೂಪಿಸಿದ್ದು. ಎಲ್ಲ ಗನ್ನೂ ತುಂಬಿದೆ ಅಂತಲೇ ತಿಳಿಯಬೇಕು. ಹೊಡೆಯಬಾರದ ಯಾವುದರ ಕಡೆಗೂ ಮೂತಿ ತಿರುಗಿಸಬಾರದು. ಗುರಿ ಹಿಡಿಯುವ ತನಕ ಬೆರಳು ಟ್ರಿಗರಿನ ಹೊರಗಿರಬೇಕು. ಗುರಿ ಏನು, ಅದರ ಹಿಂದೆ ಏನಿದೆ ಅಂತ ಗೊತ್ತಿರಬೇಕು. ಪಿಸ್ತೂಲಿನ ಸದ್ದು 150 ಡೆಸಿಬಲ್ ದಾಟುತ್ತದೆ. ಕಿವಿಗೂ ಕಣ್ಣಿಗೂ ರಕ್ಷಣೆ ಇಲ್ಲದೆ ಒಳಗೆ ಬಿಡುವುದಿಲ್ಲ.

ಹ್ಯಾಂಡ್‌ಗನ್ ಜೊತೆ ಬೀಗವನ್ನೂ ಕೊಡಬೇಕು ಅಂತ ಅಲ್ಲಿನ ಅಂಗಡಿಗಳಿಗೆ ಕಾನೂನೇ ಇದೆ. ಬೀಗ ಹಾಕುವ ಉಕ್ಕಿನ ಪೆಟ್ಟಿಗೆಯ ಖರ್ಚನ್ನು ಗನ್ನಿನ ಬೆಲೆಯ ಭಾಗ ಅಂತಲೇ ಎಣಿಸಬೇಕು. ಮಕ್ಕಳ ಕಾರಣಕ್ಕೆ ಮಾತ್ರ ಅಲ್ಲ. ಅಮೆರಿಕದಲ್ಲಿ ಗನ್ನಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆಗಳು. ಮನೆಯಲ್ಲಿ ಯಾರಾದರೂ ಮನಸ್ಸು ಕುಗ್ಗಿ ಕೂತಿದ್ದರೆ ಗನ್ ಅವರ ಕೈಗೆ ಸಿಗದ ಹಾಗೆ, ಸಾಧ್ಯವಾದರೆ ಮನೆಯಿಂದಲೇ ಆಚೆ, ಇಡುವುದು ಒಳ್ಳೆಯದು ಅಂತ ವೈದ್ಯರು ಹೇಳುತ್ತಾರೆ.

ಊರಿಗೆ ಬರುವಾಗ

ಭಾರತದಲ್ಲಿ ಈ ಆಯ್ಕೆಯ ಪ್ರಶ್ನೆಯೇ ಬೇರೆ. 9 ಎಂಎಂ ಇಲ್ಲಿ ಸಾಮಾನ್ಯರಿಗೆ ನಿಷೇಧಿತ ಬೋರ್ (ಕ್ಯಾಲಿಬರ್). 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸನ್ಸ್ ಸಿಕ್ಕವರು ಹ್ಯಾಂಡ್‌ಗನ್‌ಗೆ ಬಹುತೇಕ .32ಕ್ಕೇ ಹೋಗುತ್ತಾರೆ, ಕಾನ್ಪುರದ ಸರ್ಕಾರಿ ಕಾರ್ಖಾನೆಯ ರಿವಾಲ್ವರ್ ಅದರಲ್ಲಿ ಹೆಸರುವಾಸಿ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಗನ್. ಕೊಡವರಿಗೂ ಜಮ್ಮಾ ಭೂಮಿ ಇರುವವರಿಗೂ ಕೋವಿ ಲೈಸನ್ಸಿನಿಂದ ಇರುವ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿದ್ದಾರೆ, ಆದರೆ ಟೆಕ್ಸಾಸ್‌ನಲ್ಲಿ ಕೊಂಡ ಗ್ಲಾಕ್‌ಗೆ ಅದರಿಂದ ಏನೂ ದಾರಿ ತೆರೆಯುವುದಿಲ್ಲ.

ಪಿಸ್ತೂಲು ತರುವಂತಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಸಿಕ್ಕಿಬೀಳುವುದು ತೋಟಾದಿಂದ. ರೇಂಜಿಗೆ ಒಯ್ದ ಬ್ಯಾಗಿನ ಮೂಲೆಯಲ್ಲೋ ಜಾಕೆಟ್ಟಿನ ಒಳಜೇಬಿನಲ್ಲೋ ಒಂದೇ ಒಂದು ಉಳಿದಿದ್ದರೂ ವಿಮಾನ ನಿಲ್ದಾಣದ ಸ್ಕ್ಯಾನರ್ ಹಿಡಿಯುತ್ತದೆ, ಕೇಸು ಬೀಳುತ್ತದೆ, ರಜೆ ಪೂರ್ತಿ ವಕೀಲರ ಹಿಂದೆ ಹೋಗುತ್ತದೆ. ರೇಂಜಿಗೇ ಅಂತ ಒಂದು ಬ್ಯಾಗ್ ಬೇರೆ ಇಟ್ಟುಕೊಳ್ಳಿ, ಊರಿಗೆ ಹೊರಡುವಾಗ ಅದನ್ನು ಮುಟ್ಟಬೇಡಿ.